ಒಂಬತ್ತು ಕೆಂಪು, ಒಂದು ನೀಲಿ: ಮೇಲ್ಮೈ ಪಾಠವೊಂದನ್ನು ಎರಡನೆಯ ಸಲ ಮಾಡಿದ ಬಗ್ಗೆ

ಹತ್ತನೆಯ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಅಧ್ಯಾಯದಲ್ಲಿ ಸಾಬೂನು ಮತ್ತು ಮಾರ್ಜಕಗಳ ಭಾಗ ಚಿಕ್ಕದು. ಅಣುವಿಗೆ ಒಂದು ತಲೆ, ಒಂದು ಬಾಲ. ತಲೆ ನೀರನ್ನು ಬಯಸುತ್ತದೆ, ಬಾಲ ನೀರನ್ನು ದೂರವಿಡುತ್ತದೆ. ಅಣುಗಳು ಗುಂಪುಗೂಡಿ ಮಿಸೆಲ್ ಆಗುತ್ತವೆ. ಎಣ್ಣೆಯ ಕೊಳೆ ಮಿಸೆಲ್‌ನ ಒಳಗೆ ಸೇರಿ ಹೋಗುತ್ತದೆ. ನನ್ನ ಬೋಧನಾ ಅಭ್ಯಾಸದ ಹನ್ನೊಂದನೆಯ ಪಾಠಕ್ಕೆ ಇದನ್ನು ಆರಿಸಿಕೊಂಡಾಗ, ಎಂ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ನನಗೆ ಇದರಲ್ಲಿ ಎಡವುವಂಥದ್ದು ಏನೂ ಇಲ್ಲ ಎಂದೇ ತೋರಿತ್ತು. ಎಡವಿದೆ. ಎಡವಿದ್ದು ಮಾತ್ರವಲ್ಲ, ಮೂವತ್ತೊಂಬತ್ತು ಮಕ್ಕಳ ನೋಟ್ ಪುಸ್ತಕದಲ್ಲಿ ಒಂದು ತಪ್ಪು ಚಿತ್ರವನ್ನು ಬಣ್ಣದ ಪೆನ್ಸಿಲ್‌ನಲ್ಲಿ ಬರೆಸಿ ಬಂದೆ. ಆ ಚಿತ್ರವನ್ನು ತಿದ್ದಲು ಮಾಡಿದ ಎರಡನೆಯ ಪಾಠದ ವಿವರ ಇಲ್ಲಿದೆ. ಮುಂದೆ ಇದೇ ಪಾಠಾಂಶವನ್ನು ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗಕ್ಕೆ ಬರಬಹುದೆಂದು ಅಳತೆಗಳನ್ನೂ ಕೊಟ್ಟಿದ್ದೇನೆ.

ಮೊದಲ ಪಾಠ

ಶಾಲೆ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿದೆ. ಪೀಠಿಕೆಗೆ ನಾನು ಮೈಸೂರು ಸ್ಯಾಂಡಲ್ ಸೋಪಿನ ಕಥೆ ಇಟ್ಟುಕೊಂಡಿದ್ದೆ: ನಾಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯ, ಗಂಧದೆಣ್ಣೆ ಕಾರ್ಖಾನೆ. ಮಕ್ಕಳಿಗೆ ಖುಷಿಯಾಯಿತು, ಸೋಪನ್ನು ಕೈಯಿಂದ ಕೈಗೆ ದಾಟಿಸಿ ಮೂಸಿದರು. ಎಂಟು ನಿಮಿಷ ಹೋಯಿತು. ಗಂಧದ ಪರಿಮಳದಿಂದ ಅಣುವಿನ ತಲೆ-ಬಾಲಕ್ಕೆ ದಾರಿಯೇ ಇಲ್ಲ ಎಂಬುದು ಕಪ್ಪುಹಲಗೆಯ ಮುಂದೆ ನಿಂತ ಮೇಲೆ ಗೊತ್ತಾಯಿತು. ಊರಿನ ಹೆಮ್ಮೆ ಪೀಠಿಕೆಗೆ ಸುಲಭವಾಗಿ ಸಿಗುತ್ತದೆ, ಆದರೆ ಪಾಠಕ್ಕೆ ತಲುಪಿಸುವುದಿಲ್ಲ.

ಉಳಿದದ್ದು ಯೋಜನೆಯಂತೆ ನಡೆಯಿತು. ನೀರಿನ ಮೇಲ್ಮೈಯಲ್ಲಿ ಅಣುಗಳು ತಲೆ ಕೆಳಗೆ, ಬಾಲ ಮೇಲೆ ಮಾಡಿ ಸಾಲಾಗಿ ನಿಲ್ಲುವುದನ್ನು ಗುಂಡುಸೂಜಿಗಳಂತೆ ಬರೆದೆ. ಹೀಗೆ ಮೇಲ್ಮೈಗೆ ಬಂದು ಅಲ್ಲಿಯೇ ನೆಲೆಸುವುದಕ್ಕೆ ಅಧಿಶೋಷಣೆ ಎನ್ನುತ್ತಾರೆ ಎಂದೆ. ಆಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ನಮ್ಮಜ್ಜಿ ಸೀಗೆಪುಡಿಗೆ ಒಂದು ಸ್ಯಾಷೆ ಶಾಂಪೂ ಕಲಸ್ತಾರೆ. ಆಗ ನೀರಿನ ಮೇಲೆ ಯಾವುದು ನಿಲ್ಲತ್ತೆ? ಎರಡೂನಾ?”

“ಎರಡೂ ನಿಲ್ಲುತ್ತವೆ. ಯಾವುದು ಎಷ್ಟು ಹಾಕಿರ್ತೀವೋ ಅದೇ ಪ್ರಮಾಣದಲ್ಲಿ,” ಎಂದೆ.

ಅಷ್ಟಕ್ಕೆ ನಿಲ್ಲಿಸಲಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಶಾಂಪೂ, ಒಂದು ಪಾಲು ಸೀಗೆ ಎಂದಿಟ್ಟುಕೊಳ್ಳೋಣ ಎಂದು ಒಂಬತ್ತು ಕೆಂಪು ಗುಂಡುಸೂಜಿ, ಒಂದು ನೀಲಿ ಗುಂಡುಸೂಜಿ ಬರೆದೆ. ಮಕ್ಕಳೂ ಬರೆದುಕೊಂಡರು. ಚಿತ್ರ ಚೆನ್ನಾಗಿಯೇ ಬಂದಿತ್ತು.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಆ ದಿನ ಬರೆದದ್ದು ಒಂದೂವರೆ ಸಾಲು. ಪೀಠಿಕೆ ಉದ್ದವಾಯಿತು ಎಂಬುದು ಒಂದು. ಇನ್ನೊಂದು: “ಪ್ರಶ್ನೆಗೆ ಉತ್ತರ ಬಂತು. ಆಧಾರ ಬರಲಿಲ್ಲ.”

ಆ ಸಂಜೆ ನನ್ನ ಹಳೆಯ ಎಂ.ಎಸ್ಸಿ. ಟಿಪ್ಪಣಿ ತೆಗೆದೆ. ಮಿಶ್ರ ಸರ್ಫ್ಯಾಕ್ಟೆಂಟ್‌ಗಳ ಪುಟ ಅಲ್ಲಿಯೇ ಇತ್ತು, ನನ್ನದೇ ಕೈಬರಹದಲ್ಲಿ. ಪಾತ್ರೆಯಲ್ಲಿರುವ ಪ್ರಮಾಣ ಬೇರೆ, ಮೇಲ್ಮೈಯಲ್ಲಿರುವ ಪ್ರಮಾಣ ಬೇರೆ ಎಂದು ಅಡಿಗೆರೆ ಹಾಕಿ ಬರೆದುಕೊಂಡಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವನ್ನೂ ಪಡೆದಿದ್ದೆ. ಹುಡುಗಿ ಸೀಗೆಕಾಯಿ ಎಂದಾಗ ಅದು ನೆನಪಿಗೆ ಬರಲಿಲ್ಲ, ಏಕೆಂದರೆ ನಾನು ಓದಿದ್ದು ಸಮೀಕರಣವನ್ನು, ಸೀಗೆಕಾಯನ್ನಲ್ಲ.

ಮೇಲ್ಮೈ ಯಾರದು

ಸರಿಯಾದ ಉತ್ತರ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸರ್ಫ್ಯಾಕ್ಟೆಂಟ್ ಅಣುವಿನ ಬಾಲಕ್ಕೆ ನೀರಿನ ನಡುವೆ ಇರುವುದು ಕಷ್ಟ. ಅದು ತಪ್ಪಿಸಿಕೊಳ್ಳಲು ಮೇಲ್ಮೈಗೆ ಬರುತ್ತದೆ. ಮೇಲ್ಮೈ ಬಹುಮಟ್ಟಿಗೆ ತುಂಬಿದ ಮೇಲೆ, ಉಳಿದವು ನೀರಿನೊಳಗೇ ಬಾಲಗಳನ್ನು ಒಳಮುಖ ಮಾಡಿ ಗುಂಪುಗೂಡುತ್ತವೆ. ಈ ಗುಂಪುಗೂಡುವಿಕೆ ಶುರುವಾಗುವ ಸಾಂದ್ರತೆಯೇ ಪದವಿ ಪುಸ್ತಕಗಳ ಸಿಎಂಸಿ. ಶಾಂಪೂವಿನಲ್ಲಿರುವ ಸಲ್ಫೇಟ್‌ಗಳ ಹತ್ತಿರದ ಬಂಧುವಾದ ಸೋಡಿಯಂ ಡೊಡೆಸೈಲ್ ಸಲ್ಫೇಟ್‌ಗೆ, ಅಂದರೆ ಎಸ್‌ಡಿಎಸ್‌ಗೆ, 25 ಡಿಗ್ರಿಯಲ್ಲಿ ಇದು ಸುಮಾರು 8 ಮಿಲಿಮೋಲಾರ್. ಅದರ ತಲೆಗೆ ಋಣ ಆವೇಶವಿದೆ. ಪಕ್ಕಪಕ್ಕ ನಿಂತ ತಲೆಗಳು ಒಂದನ್ನೊಂದು ತಳ್ಳುತ್ತವೆ, ಆದ್ದರಿಂದ ಮೇಲ್ಮೈಯಲ್ಲಿ ಒತ್ತಾಗಿ ನಿಲ್ಲಲು ಅದಕ್ಕೆ ಹೆಚ್ಚು ಒತ್ತಾಯ ಬೇಕು. ಟ್ವೀನ್-20 ಎಂಬ ಇನ್ನೊಂದು ಸರ್ಫ್ಯಾಕ್ಟೆಂಟ್ ಇದೆ, ಆಹಾರ ಮತ್ತು ಔಷಧಗಳಲ್ಲಿ ಬಳಸುವಂಥದ್ದು. ಅದರ ತಲೆಗೆ ಆವೇಶವಿಲ್ಲ. ಅದರ ಸಿಎಂಸಿ 0.06 ಮಿಲಿಮೋಲಾರ್‌ನ ಆಸುಪಾಸು. ನೂರು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ.

ಈಗ ಒಂಬತ್ತು ಪಾಲು ಎಸ್‌ಡಿಎಸ್‌ಗೆ ಒಂದು ಪಾಲು ಟ್ವೀನ್ ಬೆರೆಸಿದರೆ, ಮೇಲ್ಮೈಗೆ ಹೋಗಲು ಒಂಬತ್ತೂ ಸಿದ್ಧವಿರುತ್ತವೆ, ಒಂದೂ ಸಿದ್ಧವಿರುತ್ತದೆ. ಆದರೆ ಆ ಒಂದರ ತವಕ ಬಹಳ ಹೆಚ್ಚು. ಅಣುಗಳ ಎಣಿಕೆಯನ್ನು ತವಕದ ಜೊತೆ ಗುಣಿಸಬೇಕು, ಆಗ ಮೇಲ್ಮೈಯ ಲೆಕ್ಕ ಸಿಗುತ್ತದೆ. ತೆಳುವಾದ ದ್ರಾವಣದಲ್ಲಿ ಮೇಲ್ಮೈಯ ಬಹುಪಾಲು ಜಾಗ ಟ್ವೀನ್‌ನದು. ನನ್ನ ಚಿತ್ರ ಹೆಚ್ಚುಕಡಿಮೆ ತಲೆಕೆಳಗಾಗಬೇಕು.

ಇದರ ಮೇಲೆ ಇನ್ನೊಂದು ಪದರವಿದೆ. ಪರಸ್ಪರ ತಳ್ಳುವ ಎಸ್‌ಡಿಎಸ್ ತಲೆಗಳ ನಡುವೆ ಆವೇಶವಿಲ್ಲದ ತಲೆ ಬಂದು ನಿಂತರೆ ತಳ್ಳಾಟ ತಗ್ಗುತ್ತದೆ. ಎರಡೂ ಕೂಡಿ, ಬೇರೆಬೇರೆಯಾಗಿ ಇದ್ದಾಗಿನದಕ್ಕಿಂತ ಒತ್ತಾಗಿ ನಿಲ್ಲಬಲ್ಲವು. ಮಿಶ್ರ ಮಿಸೆಲ್‌ಗಳಲ್ಲಿ ಇದನ್ನು ಲೆಕ್ಕ ಹಾಕುವ ವಿಧಾನವನ್ನು ರೂಬಿಂಗ್ 1979ರಲ್ಲಿ ಕೊಟ್ಟರು; ಅದನ್ನೇ ಮೇಲ್ಮೈಗೆ ಒಗ್ಗಿಸಿದ್ದು ರೋಸೆನ್ ಮತ್ತು ಹುವಾ, 1982ರಲ್ಲಿ. ಹೈಸ್ಕೂಲಿಗೆ ಈ ಸಮೀಕರಣಗಳು ಬೇಡ. ಆದರೆ ಪಾಠ ಮಾಡುವವರು ತಿಳಿದಿರಬೇಕು, ಇಲ್ಲದಿದ್ದರೆ ನನ್ನ ಹಾಗೆ ಕೆಂಪು ನೀಲಿ ಪೆನ್ಸಿಲ್ ಹಿಡಿಯುತ್ತೇವೆ.

ಮಾರನೆಯ ದಿನ ಮೇಡಂ ಬಳಿ ಹೋಗಿ, ಇನ್ನೊಂದು ಅವಧಿ ಕೊಟ್ಟರೆ ಸರಿಯಾದ ಚಿತ್ರ ಬರೆಸಿ ಬರುತ್ತೇನೆ ಎಂದೆ.

“ನಿನ್ನೆ ನೀವು ಹೇಳಿದಿರಿ ಅಂತ ನಂಬಿದರು. ನಾಳೆ ಇನ್ನೊಂದು ಹೇಳಿದರೆ ಅದನ್ನೂ ನಂಬುತ್ತಾರೆ. ಅದರಿಂದ ಏನು ಬಂತಮ್ಮ?” ಎಂದರು ಮೇಡಂ.

ಹೀಗಾಗಿ ಎರಡನೆಯ ಪಾಠಕ್ಕೆ ಅಳತೆ ಬೇಕಾಯಿತು.

ಪೆನ್ನು ಮತ್ತು ಬ್ಯುರೆಟ್

ಸಾಬೂನು ನೀರನ್ನು ವಿದ್ಯುತ್ತಿನಿಂದ ಅಳೆಯುವುದು ಹೊಸದಲ್ಲ. ಮಿಸೆಲ್ ಎಂಬ ಕಲ್ಪನೆ ಹುಟ್ಟಿದ್ದೇ ಆ ದಾರಿಯಲ್ಲಿ. ಬ್ರಿಸ್ಟಲ್‌ನಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ಮೆಕ್‌ಬೈನ್ ಅವರಿಗೆ ಸಾಬೂನಿನ ದ್ರಾವಣ ಕಾಡಿಸಿತು: ಕರಗಿದ ಕಣಗಳ ಎಣಿಕೆ ಕಡಿಮೆ ಎಂದು ಇತರ ಅಳತೆಗಳು ಹೇಳುತ್ತಿದ್ದರೂ ವಿದ್ಯುತ್ತು ಮಾತ್ರ ಚೆನ್ನಾಗಿ ಹರಿಯುತ್ತಿತ್ತು. ಅಣುಗಳು ಆವೇಶ ಸಹಿತವಾಗಿ ಗುಂಪುಗೂಡಿವೆ ಎಂದು ಅವರು 1913ರಲ್ಲಿ ಸೂಚಿಸಿದರು. ಅದೇ ಮೆಕ್‌ಬೈನ್ ಇಳಿವಯಸ್ಸಿನಲ್ಲಿ ಪುಣೆಗೆ ಬಂದು ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ಸೋಪಿನ ಕಥೆ ಹೇಳಲೇಬೇಕಿದ್ದರೆ ನಾನು ಹೇಳಬೇಕಾಗಿದ್ದದ್ದು ಇದನ್ನು.

ನಮ್ಮ ಶಾಲೆಯಲ್ಲಿ ವಾಹಕತಾ ಮಾಪಕ ಇರಲಿಲ್ಲ. ಆದರೆ ನಮ್ಮ ಬೀದಿಯಲ್ಲಿ ನೀರಿನ ಫಿಲ್ಟರ್ ರಿಪೇರಿ ಮಾಡುವವರ ಜೇಬಿನಲ್ಲಿ ಒಂದು ಟಿಡಿಎಸ್ ಪೆನ್ನು ಸದಾ ಇರುತ್ತದೆ. ಮನೆಗೆ ಬಂದು ನಲ್ಲಿ ನೀರಿಗೆ ಅದ್ದಿ, ಅಂಕಿ ತೋರಿಸಿ ನಮ್ಮನ್ನು ಹೆದರಿಸುವ ಪೆನ್ನು ಅದು. ನೀರಿನಲ್ಲಿ ಕರಗಿರುವುದನ್ನು ಅದು ನೇರವಾಗಿ ತೂಗುವುದಿಲ್ಲ. ತುದಿಯ ಎರಡು ಲೋಹದ ಕಡ್ಡಿಗಳ ನಡುವೆ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು, ಅದನ್ನು ಒಂದು ಸ್ಥಿರಾಂಕದಿಂದ ಗುಣಿಸಿ ಪಿಪಿಎಂ ಎಂದು ತೋರಿಸುತ್ತದೆ, ಅಷ್ಟೇ. ನಮಗೆ ಬೇಕಾದದ್ದೂ ಅಷ್ಟೇ. ಎರಡು ದಿನಕ್ಕೆ ಕೇಳಿ ತಂದೆ.

ಇನ್ನೊಂದು ಸಾಧನ ಬ್ಯುರೆಟ್. ಅದರ ತುದಿಯಿಂದ ಬೀಳುವ ಹನಿಯ ಗಾತ್ರ ಮೇಲ್ಮೈ ಎಳೆತವನ್ನು ಅವಲಂಬಿಸುತ್ತದೆ. ಶುದ್ಧ ನೀರಿನ ಎಳೆತ ಹೆಚ್ಚು, ಆದ್ದರಿಂದ ಹನಿ ದಪ್ಪ. ಸರ್ಫ್ಯಾಕ್ಟೆಂಟ್ ಮೇಲ್ಮೈಯನ್ನು ತುಂಬಿದಂತೆ ಎಳೆತ ತಗ್ಗಿ ಹನಿ ಸಣ್ಣದಾಗುತ್ತದೆ. ಎರಡು ಮಿಲಿಲೀಟರಿಗೆ ಎಷ್ಟು ಹನಿ ಎಂದು ಎಣಿಸಿದರೆ ಮೇಲ್ಮೈ ಎಷ್ಟು ತುಂಬಿದೆ ಎಂಬುದರ ಅಂದಾಜು ಸಿಗುತ್ತದೆ.

ದ್ರಾವಣಗಳನ್ನು ಕಾಲೇಜಿನಲ್ಲೇ ಮಾಡಿಕೊಂಡು ಹೋದೆ. ಎಸ್‌ಡಿಎಸ್ 2.88 ಗ್ರಾಂ ಅನ್ನು ಆಸವಿತ ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿದರೆ 100 ಮಿಲಿಮೋಲಾರ್. ಟ್ವೀನ್-20 ಜೇನಿನಂತೆ ಮಂದ, ಪಿಪೆಟ್ಟಿನಲ್ಲಿ ಅಳೆಯಲು ಹೋಗಬಾರದು, ತೂಗಬೇಕು: 1.23 ಗ್ರಾಂಗೆ 100 ಮಿ.ಲೀ., ಅಂದರೆ ಸುಮಾರು 10 ಮಿಲಿಮೋಲಾರ್. ಎಸ್‌ಡಿಎಸ್ ಪುಡಿ ಮೂಗಿಗೆ ಹೋದರೆ ಸೀನು, ಕಣ್ಣಿಗೆ ಹೋದರೆ ಉರಿ. ತೂಗುವ ಕೆಲಸವನ್ನು ಮಕ್ಕಳಿಗೆ ಕೊಡಬಾರದು.

ಎರಡನೆಯ ಪಾಠ

ವಿಷಯ ಶಿಕ್ಷಕರು ಶನಿವಾರ ಬೆಳಗಿನ ತರಗತಿಯಲ್ಲಿ ಎರಡು ಅವಧಿ ಬಿಟ್ಟುಕೊಟ್ಟರು. ಮೊದಲಿಗೆ ಹಲಗೆಯ ಮೇಲೆ ಹಳೆಯ ಚಿತ್ರವನ್ನೇ ಬರೆದೆ. “ಇದನ್ನು ನಾನು ಮೊನ್ನೆ ಆಧಾರವಿಲ್ಲದೆ ಬರೆದೆ. ಸರಿಯೋ ತಪ್ಪೋ ಇವತ್ತು ನೋಡೋಣ,” ಎಂದೆ. ತಪ್ಪು ಎಂದು ಮೊದಲೇ ಹೇಳಲಿಲ್ಲ. ಹೇಳಿದ್ದರೆ ಮಕ್ಕಳು ಅಳೆಯುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

ಪೆನ್ನು ಕೈಗೆ ಸಿಕ್ಕ ಕೂಡಲೇ ಎಲ್ಲರೂ ತಮ್ಮ ತಮ್ಮ ನೀರಿನ ಬಾಟಲಿಗೆ ಅದ್ದಿದರು. ಕಾವೇರಿ ನೀರಿನ ಮನೆಯವರಿಗೆ ಒಂದು ಅಂಕಿ, ಬೋರ್ ನೀರಿನವರಿಗೆ ಅದಕ್ಕಿಂತ ಬಹಳ ಹೆಚ್ಚು. ಹತ್ತು ನಿಮಿಷ ಇದರಲ್ಲೇ ಹೋಯಿತು. ತಡೆಯಲಿಲ್ಲ. ಆಸವಿತ ನೀರನ್ನೇ ಏಕೆ ತಂದಿದ್ದೇನೆ ಎಂದು ನಾನು ವಿವರಿಸುವ ಅಗತ್ಯ ಆಮೇಲೆ ಬೀಳಲಿಲ್ಲ.

ನಂತರ ಇಬ್ಬರು ಮುಂದೆ ಬಂದು 100 ಮಿ.ಲೀ. ಆಸವಿತ ನೀರಿಗೆ ಎಸ್‌ಡಿಎಸ್ ದ್ರಾವಣವನ್ನು ಸಿರಿಂಜಿನಲ್ಲಿ ಒಂದೊಂದೇ ಮಿ.ಲೀ. ಸೇರಿಸಿದರು. ನೊರೆ ಬಾರದಂತೆ ನಿಧಾನವಾಗಿ ಕಲಕಿ, ಪ್ರತಿಸಲ ಪೆನ್ನಿನ ಅಂಕಿ ಓದಿದರು. ಉಳಿದವರು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಾ ಹೋದರು. ಪ್ರತಿ ಸಿರಿಂಜಿಗೆ ಅಂಕಿ 30ರ ಆಸುಪಾಸು ಏರುತ್ತಿತ್ತು. ಒಂಬತ್ತನೆಯದಾದ ಮೇಲೆ ಏರಿಕೆ ಇದ್ದಕ್ಕಿದ್ದಂತೆ 10–12ಕ್ಕೆ ಇಳಿಯಿತು. “ಸಿರಿಂಜ್ ಪೂರ್ತಿ ತುಂಬಿಸ್ಲಿಲ್ಲ ನೀನು” ಎಂದು ಒಬ್ಬ ಇನ್ನೊಬ್ಬನನ್ನು ಗದರಿದ. ಮತ್ತೊಮ್ಮೆ ಹಾಕಿದರು, ಮತ್ತೆ ಅಷ್ಟೇ. ಗ್ರಾಫಿನಲ್ಲಿ ಎರಡು ಸರಳರೇಖೆ, ನಡುವೆ ಒಂದು ಮೊಣಕೈ.

ಏಕೆ ಹೀಗೆ ಎಂಬುದನ್ನು ಇಲ್ಲಿ ಹೇಳಿದೆ. ಮೊದಲು ಹಾಕಿದ ಪ್ರತಿ ಅಣುವೂ ನೀರಿನಲ್ಲಿ ಎರಡು ಅಯಾನುಗಳಾಗಿ ಬಿಡಿಬಿಡಿಯಾಗಿ ಓಡಾಡುತ್ತಿತ್ತು, ವಿದ್ಯುತ್ತನ್ನು ಹೊರುತ್ತಿತ್ತು. ಮಿಸೆಲ್ ಕಟ್ಟಲು ಶುರುವಾದ ಮೇಲೆ ಅರುವತ್ತರಷ್ಟು ಅಣುಗಳು ಒಂದಾಗುತ್ತವೆ; ಅಷ್ಟೊಂದು ಋಣ ಆವೇಶ ಒಟ್ಟಿಗೆ ಸೇರಿದ ಕಡೆ ಸೋಡಿಯಂ ಅಯಾನುಗಳಲ್ಲಿ ಹಲವು ಅಂಟಿಕೊಂಡು ಬಿಡುತ್ತವೆ. ಓಡಾಡುವ ಕೂಲಿಗಳು ಕಡಿಮೆಯಾದರು, ಅಂಕಿಯ ಏರಿಕೆ ತಗ್ಗಿತು. ಒಂಬತ್ತನೆಯ ಸಿರಿಂಜಿಗೆ ಲೆಕ್ಕ ಹಾಕಿದರೆ ಸಾಂದ್ರತೆ 8ಕ್ಕೆ ಸ್ವಲ್ಪ ಮೇಲೆ. ಎರಡು ಕಡ್ಡಿಯ ಪೆನ್ನಿನಲ್ಲಿ ಪುಸ್ತಕದ ಅಂಕಿ ಬಂದದ್ದು ನೋಡಿ ನನಗೇ ಆಶ್ಚರ್ಯ.

ಆಮೇಲೆ ಹನಿ ಎಣಿಕೆ. ನಾಲ್ಕು ಗುಂಪು, ನಾಲ್ಕು ಬ್ಯುರೆಟ್, ನಾಲ್ಕು ದ್ರಾವಣ. ಒಂದು ಬರೀ ಆಸವಿತ ನೀರು. ಎರಡನೆಯದು 100 ಮಿ.ಲೀ.ನಲ್ಲಿ ಎಸ್‌ಡಿಎಸ್ ದ್ರಾವಣ 0.9 ಮಿ.ಲೀ. ಮೂರನೆಯದು ಟ್ವೀನ್ ದ್ರಾವಣ 1 ಮಿ.ಲೀ. ನಾಲ್ಕನೆಯದರಲ್ಲಿ ಎರಡೂ, ಅಷ್ಟಷ್ಟೇ. ಅಂದರೆ ಅಣುಗಳ ಲೆಕ್ಕದಲ್ಲಿ ಒಂಬತ್ತಕ್ಕೆ ಒಂದು, ನನ್ನ ಚಿತ್ರದ ಪ್ರಮಾಣ.

ಮೊದಲ ಸುತ್ತು ಕೆಟ್ಟಿತು. ಬೇಗ ಮುಗಿಸುವ ಆಸೆಗೆ ಮಕ್ಕಳು ನಲ್ಲಿಯನ್ನು ಜೋರಾಗಿ ತಿರುಗಿಸಿದರು. ನಾಲ್ಕು ಗುಂಪಿನ ಎಣಿಕೆಯೂ ಹೆಚ್ಚುಕಡಿಮೆ ಒಂದೇ ಬಂತು. ನನ್ನ ಬೆವರಿಳಿಯಿತು. ಆಮೇಲೆ ಹೊಳೆಯಿತು: ಪ್ರತಿ ಹನಿಗೂ ಹೊಸ ಮೇಲ್ಮೈ ಹುಟ್ಟುತ್ತದೆ, ಒಳಗಿನ ಅಣುಗಳು ಅಲ್ಲಿಗೆ ನಡೆದು ಬರಬೇಕು, ಅದಕ್ಕೆ ಸಮಯ ಬೇಕು. ತೆಳು ದ್ರಾವಣದಲ್ಲಿ ಕೆಲವು ಸೆಕೆಂಡುಗಳೇ ಬೇಕು. ಐದು ಸೆಕೆಂಡಿಗೆ ಒಂದು ಹನಿಯಂತೆ ಬಿಡಿ ಎಂದೆ. ಎರಡನೆಯ ಸುತ್ತಿನಲ್ಲಿ ಹಲಗೆಯ ಮೇಲೆ ಬಿದ್ದ ಎಣಿಕೆ: ನೀರು 40, ಎಸ್‌ಡಿಎಸ್ 43, ಟ್ವೀನ್ 68, ಎರಡೂ ಬೆರೆತದ್ದು 71.

ಕೆಲವು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಒಂದು ಧ್ವನಿ: “ಒಂಬತ್ತು ಪಾಲು ಹಾಕಿದ್ದು ಮೂರೇ ಹನಿ ಜಾಸ್ತಿ ಮಾಡ್ತು. ಒಂದ್ ಪಾಲು ಹಾಕಿದ್ದು ಇಪ್ಪತ್ತೆಂಟು!”

ಹಾಗಾದರೆ ಬೆರೆತ ದ್ರಾವಣದ ಮೇಲ್ಮೈಯನ್ನು ತುಂಬಿದವರು ಯಾರು ಎಂದು ಕೇಳಿದೆ. ಉತ್ತರ ಬರಲು ತಡವಾಗಲಿಲ್ಲ. ವಿವರಣೆಯನ್ನೂ ಒಬ್ಬ ಹುಡುಗನೇ ಕೊಟ್ಟ: “ದಸರಾ ದಿನ ಸಯ್ಯಾಜಿರಾವ್ ರಸ್ತೇಲಿ ಜನ ಎಷ್ಟೇ ಇರ್ಲಿ ಮಿಸ್, ಮುಂದಿನ ಸಾಲು ಸಿಗೋದು ನೋಡ್ಲೇಬೇಕು ಅಂತ ಬೆಳಿಗ್ಗೆನೇ ಬಂದು ಕೂತೋರಿಗೆ.” ಹೋಲಿಕೆ ಚೆನ್ನಾಗಿತ್ತು, ಇಟ್ಟುಕೊಂಡೆ. ಆದರೆ ಅದರಲ್ಲಿ ಒಂದು ತೊಡಕಿದೆ, ಅದನ್ನೂ ಹೇಳಿದೆ. ಅಣುಗಳು ಮೊದಲು ಬಂದು ಕೂತು ಜಾಗ ಹಿಡಿಯುವುದಿಲ್ಲ. ಅವು ಮೇಲ್ಮೈಗೆ ಬರುತ್ತವೆ, ಹೋಗುತ್ತವೆ, ಮತ್ತೆ ಬರುತ್ತವೆ. ಬಂದದ್ದು ಹೆಚ್ಚು ಹೊತ್ತು ನಿಲ್ಲುವುದು ಯಾವುದೋ, ಅದರ ಪಾಲು ಹೆಚ್ಚು.

ನಾನು ಎದುರುನೋಡದ ಪ್ರಶ್ನೆ ಆಮೇಲೆ ಬಂತು. “ಟ್ವೀನ್ ಒಂದೇ ಇದ್ರೆ 68, ಎಸ್‌ಡಿಎಸ್ ಸೇರಿದ್ರೆ 71. ಅಂದ್ರೆ ಎಸ್‌ಡಿಎಸ್ ಒಳಗೆ ಹೋಗಿ ಸಹಾಯ ಮಾಡ್ತಾ?” ತಲೆಗಳ ತಳ್ಳಾಟ ತಗ್ಗುವ ವಿಷಯ ನನ್ನ ನಾಲಿಗೆಯ ತುದಿಯಲ್ಲಿತ್ತು. ತಡೆದುಕೊಂಡೆ. ಅದೇ ಗುಂಪು ಅದೇ ದ್ರಾವಣವನ್ನು ಎರಡು ಸಲ ಎಣಿಸಿದಾಗ ಎರಡು ಹನಿಯ ವ್ಯತ್ಯಾಸ ಬಂದಿತ್ತು. “ಮೂರು ಹನಿಯನ್ನು ನಂಬುವಷ್ಟು ನಮ್ಮ ಬ್ಯುರೆಟ್ ಚೊಕ್ಕವಾಗಿಲ್ಲ. ಇಪ್ಪತ್ತೆಂಟನ್ನು ನಂಬಬಹುದು,” ಎಂದೆ. ಸಹಾಯ ಮಾಡುತ್ತದೆ ಎಂಬುದು ಬೇರೆಯವರ ನಿಖರ ಅಳತೆಗಳಿಂದ ಗೊತ್ತಿದೆ ಎಂದು, ಅದು ಬೇರೆಯವರದು ಎಂದು ಹೇಳಿಯೇ ತಿಳಿಸಿದೆ.

ಪೆನ್ನಿಗೆ ಕಾಣದ್ದು

ಸಮಯ ಉಳಿದಿದ್ದರಿಂದ ಬೆರೆತ ದ್ರಾವಣಕ್ಕೂ ಪೆನ್ನು ಹಾಕಿ ನೋಡೋಣ ಎಂದರು. ಒಂಬತ್ತಕ್ಕೆ ಒಂದರ ಮಿಶ್ರಣವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ಹೋದೆವು. ಅಂಕಿ ಏರಿತು, ಏರುತ್ತಲೇ ಹೋಯಿತು. ಮೊಣಕೈ ಎಲ್ಲಿಯೂ ಕಾಣಲಿಲ್ಲ. “ಪೆನ್ ಕೆಟ್ಟೋಯ್ತಾ ಮಿಸ್?”

ಕೆಟ್ಟಿರಲಿಲ್ಲ. ಈ ಪಾಠದಲ್ಲಿ ನನಗೆ ಅತ್ಯಂತ ಉಪಯೋಗವಾದದ್ದು ಈ ಸೋಲೇ. ಟ್ವೀನ್‌ಗೆ ಆವೇಶವಿಲ್ಲ, ಅದು ಪೆನ್ನಿಗೆ ಕಾಣುವುದಿಲ್ಲ. ಮೊದಲು ಹುಟ್ಟುವ ಮಿಸೆಲ್‌ಗಳಲ್ಲಿ ಟ್ವೀನ್‌ನದೇ ಹೆಚ್ಚು ಪಾಲು, ಎಸ್‌ಡಿಎಸ್ ಅಲ್ಲೊಂದು ಇಲ್ಲೊಂದು. ಆವೇಶ ವಿರಳವಾದ್ದರಿಂದ ಸೋಡಿಯಂ ಅಯಾನುಗಳು ಅಂಟಿಕೊಳ್ಳದೆ ಓಡಾಡುತ್ತಲೇ ಇರುತ್ತವೆ. ಪೆನ್ನಿನ ಮಟ್ಟಿಗೆ ಏನೂ ನಡೆದೇ ಇಲ್ಲ. ಹನಿಗೆ ಗೊತ್ತಾದದ್ದು ಪೆನ್ನಿಗೆ ಗೊತ್ತಾಗಲಿಲ್ಲ, ಏಕೆಂದರೆ ಪೆನ್ನು ನೋಡುವುದು ನೀರಿನ ಒಳಗನ್ನು, ಹನಿ ನೋಡುವುದು ಮೇಲ್ಮೈಯನ್ನು.

ಹಾಗಾದರೆ ವಿದ್ಯುತ್ತಿನಿಂದ ಮೇಲ್ಮೈಯನ್ನೇ ನೋಡಲು ಆಗುವುದಿಲ್ಲವೇ? ಆಗುತ್ತದೆ, ವಿದ್ಯುದಗ್ರವೇ ಆ ಮೇಲ್ಮೈ ಆದಾಗ. ಇದು ಪ್ರಶಿಕ್ಷಣಾರ್ಥಿಗಳಿಗಾಗಿ ಬರೆಯುತ್ತಿರುವ ಮಾತು, ತರಗತಿಗಲ್ಲ. ದ್ರಾವಣದಲ್ಲಿ ಅದ್ದಿದ ವಿದ್ಯುದಗ್ರದ ಮೇಲೆ ಆವೇಶ, ಅದರೆದುರು ನೀರಿನಲ್ಲಿ ವಿರುದ್ಧ ಆವೇಶದ ಅಯಾನುಗಳು: ಅದೊಂದು ಪುಟ್ಟ ಕೆಪ್ಯಾಸಿಟರ್. ಸರ್ಫ್ಯಾಕ್ಟೆಂಟ್ ಅಣುಗಳು ಬಂದು ವಿದ್ಯುದಗ್ರಕ್ಕೆ ಅಂಟಿದರೆ ಅಲ್ಲಿದ್ದ ನೀರು ಸರಿದು ಎಣ್ಣೆಯಂಥ ಬಾಲಗಳು ಬರುತ್ತವೆ, ತಟ್ಟೆಗಳ ನಡುವಿನ ಅಂತರ ಹೆಚ್ಚಿದಂತಾಗುತ್ತದೆ, ಧಾರಕತೆ ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದರಿಂದ ಎಷ್ಟು ಜಾಗ ತುಂಬಿತು ಎಂದು ಲೆಕ್ಕ ಹಾಕಬಹುದು. ಆವೇಶವಿಲ್ಲದ ಅಣುವೂ ಇಲ್ಲಿ ಅಡಗಿಕೊಳ್ಳಲಾರದು. ಎರಡನೆಯ ಪಿಯುಸಿಯ ಕೆಪ್ಯಾಸಿಟರ್ ಸೂತ್ರ ತಿಳಿದವರಿಗೆ ಇಷ್ಟು ಸಾಕು.

ಇಂಥ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿ.ಇ. ಕುಮಾರಸ್ವಾಮಿಯವರ ತಂಡ, ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿನಲ್ಲಿ ಜೆ.ಜಿ. ಮಂಜುನಾಥ ಅವರು ಸರ್ಫ್ಯಾಕ್ಟೆಂಟ್ ಅಂಟಿಸಿದ ಇಂಗಾಲದ ವಿದ್ಯುದಗ್ರಗಳ ಮೇಲೆ ಅನೇಕ ಸಂಶೋಧನಾ ಲೇಖನಗಳನ್ನು ಪ್ರಕಟಿಸಿದ್ದಾರೆ. ವಿದ್ಯುದಗ್ರ ಎಂದರೆ ಗಾಬರಿ ಬೇಡ: ಗ್ರಾಫೈಟ್ ಪುಡಿಗೆ ಸಿಲಿಕೋನ್ ಎಣ್ಣೆ ಹಾಕಿ ಕಲ್ವದಲ್ಲಿ ಅರೆದ ಪೇಸ್ಟು, ಕೊಳವೆಯ ತುದಿಗೆ ತುಂಬಿ ಕಾಗದದ ಮೇಲೆ ಉಜ್ಜಿ ನುಣುಪು ಮಾಡಿದ್ದು. ಅದರ ಮೇಲೆ ಎಸ್‌ಡಿಎಸ್‌ನಂಥದರ ಪದರ ಕೂರಿಸಿದರೆ, ಧನ ಆವೇಶದ ಡೋಪಮಿನ್ ಅಣುಗಳನ್ನು ಆ ಪದರ ಹತ್ತಿರ ಸೆಳೆಯುತ್ತದೆ, ಋಣ ಆವೇಶದ ಆಸ್ಕಾರ್ಬೇಟನ್ನು ದೂರ ತಳ್ಳುತ್ತದೆ. ಬರಿಯ ವಿದ್ಯುದಗ್ರದಲ್ಲಿ ಒಂದರ ಮೇಲೊಂದು ಬಿದ್ದು ಗೊಂದಲ ಮಾಡುತ್ತಿದ್ದ ಎರಡರ ಸಂಕೇತಗಳು ಬೇರೆಬೇರೆಯಾಗಿ ಕಾಣಲು ಇದು ನೆರವಾಗುತ್ತದೆ. ಮೇಲ್ಮೈಯಲ್ಲಿ ಯಾರು ನಿಂತಿದ್ದಾರೆ ಎಂಬ ಹುಡುಗಿಯ ಪ್ರಶ್ನೆ ಅಲ್ಲಿ ಇಡೀ ಪ್ರಯೋಗದ ಗತಿಯನ್ನೇ ನಿರ್ಧರಿಸುತ್ತದೆ.

ಈ ಪಾಠ ತೆಗೆದುಕೊಳ್ಳುವವರಿಗೆ

ಎಸ್‌ಡಿಎಸ್ ಬಾಟಲಿ ಹಳೆಯದಾದರೆ ಎಚ್ಚರ. ಕಾಲೇಜಿನಲ್ಲಿ ಮೊದಲೊಮ್ಮೆ ಒಬ್ಬಳೇ ಮಾಡಿ ನೋಡಿದಾಗ, ಸಾಂದ್ರತೆ ಹೆಚ್ಚಿಸಿದಂತೆ ಹನಿಗಳ ಎಣಿಕೆ ಏರಿ, ಮಿಸೆಲ್ ಹುಟ್ಟುವ ಹೊತ್ತಿಗೆ ತುಸು ಇಳಿಯಿತು. ಎಸ್‌ಡಿಎಸ್ ನೀರಿನೊಂದಿಗೆ ನಿಧಾನವಾಗಿ ಒಡೆದು ಡೊಡೆಕೆನಾಲ್ ಆಗುತ್ತದೆ. ಅತ್ಯಲ್ಪವಿದ್ದರೂ ಅದು ಮೇಲ್ಮೈಯನ್ನು ಹಿಡಿಯುತ್ತದೆ. ಮಿಸೆಲ್‌ಗಳು ಬಂದ ಮೇಲೆ ಅವುಗಳ ಒಳಗೆ ಸೇರಿಕೊಂಡು ಮೇಲ್ಮೈಯನ್ನು ಬಿಡುತ್ತದೆ. ಬೇಡದ ಕಲ್ಮಶವೇ ನಮ್ಮ ಪಾಠವನ್ನು ಇನ್ನೊಮ್ಮೆ ಮಾಡಿ ತೋರಿಸುತ್ತದೆ, ಆದರೆ ಹತ್ತನೆಯ ತರಗತಿಗೆ ಈ ತಿರುವು ಬೇಡ. ಹೊಸ ಬಾಟಲಿ ಬಳಸುವುದು ಒಳ್ಳೆಯದು.

ಸೀಗೆಕಾಯಿಯನ್ನೂ ದೇವರಾಜ ಮಾರುಕಟ್ಟೆಯಿಂದ ತಂದು ನೆನೆಸಿ ನೋಡಿದೆ. ಅದಕ್ಕೆ ಪೆನ್ನು ಹಾಕಬೇಡಿ. ಕಾಯಿಯಲ್ಲಿರುವ ಲವಣಗಳೆಲ್ಲ ನೀರಿಗೆ ಬರುತ್ತವೆ, ಪೆನ್ನು ಅವನ್ನೇ ಎಣಿಸುತ್ತದೆ. ಸೋಸಿದ ಸೀಗೆ ನೀರಿಗೆ ಹನಿ ಎಣಿಕೆ ಸರಿಯಾಗುತ್ತದೆ: ಸಪೋನಿನ್‌ಗಳಿಂದಾಗಿ ಹನಿ ಸಣ್ಣದಾಗುವುದು ಚೆನ್ನಾಗಿ ಕಾಣುತ್ತದೆ. ಆದರೆ ಶಾಂಪೂ ಜೊತೆ ಬೆರೆಸಿದಾಗ, ಮೇಲ್ಮೈ ತುಂಬಿದೆ ಎಂಬುದನ್ನಷ್ಟೇ ಹನಿ ಹೇಳುತ್ತದೆ. ತುಂಬಿದವರ ಹೆಸರು ಹೇಳುವುದಿಲ್ಲ. ಹುಡುಗಿಗೆ ಇದನ್ನೇ ಹೇಳಿದೆ. ಬಟ್ಟಲಲ್ಲಿ ಕಲಸಿದ ಪ್ರಮಾಣವೇ ಮೇಲ್ಮೈಯಲ್ಲೂ ಇರುತ್ತದೆ ಎಂದು ನಾನು ಹೇಳಿದ್ದು ತಪ್ಪು, ಅಷ್ಟನ್ನು ನೀನೇ ಎಣಿಸಿ ನೋಡಿದೆ, ಅಂತ. ಅಜ್ಜಿಗೆ ಹೇಳ್ತೀನಿ ಎಂದಳು. ಏನು ಹೇಳುತ್ತಾಳೋ ಕೇಳಲಿಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟಿದ್ದೆ: ಹಳೆಯ ಚಿತ್ರದ ಪಕ್ಕದಲ್ಲಿ ಹೊಸ ಚಿತ್ರ ಬರೆದು, ಯಾವ ಎರಡು ಅಂಕಿಗಳ ಆಧಾರದ ಮೇಲೆ ಬದಲಾಯಿಸಿದಿರಿ ಎಂದು ಬರೆಯಿರಿ. ಹಳೆಯದನ್ನು ಅಳಿಸಬಾರದು ಎಂದೂ ಹೇಳಿದ್ದೆ. ಹೆಚ್ಚಿನವರು 43 ಮತ್ತು 68 ಎಂದು ಬರೆದರು. ಕೆಲವರು 40 ಮತ್ತು 71 ಎಂದು ಬರೆದರು. ಇವರಿಗೆ ಮಿಶ್ರಣದಿಂದ ಮೇಲ್ಮೈ ತುಂಬಿತು ಎಂಬುದು ಗೊತ್ತಾಗಿದೆ, ಯಾರಿಂದ ಎಂಬುದು ಗೊತ್ತಾಗಿಲ್ಲ. ಅವರ ಜೊತೆ ಸೋಮವಾರ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಕುಳಿತೆ. ನೀಲಿ ಸೂಜಿಗಳ ಸಂಖ್ಯೆ ಒಬ್ಬೊಬ್ಬರದು ಒಂದೊಂದು, ಏಳು, ಎಂಟು, ಒಂಬತ್ತು. ಎಷ್ಟು ಎಂದು ನಮ್ಮ ಅಳತೆ ಹೇಳುವುದಿಲ್ಲವಾದ್ದರಿಂದ ತಿದ್ದಲಿಲ್ಲ.

ಎರಡನೆಯ ಪಾಠದ ದಿನ ಇಬ್ಬರು ಬಂದಿರಲಿಲ್ಲ. ಒಬ್ಬ ಜ್ವರದಲ್ಲಿದ್ದ, ಇನ್ನೊಬ್ಬಳು ಊರಿಗೆ ಹೋಗಿದ್ದಳು. ನನ್ನ ಅಭ್ಯಾಸದ ಅವಧಿ ಆ ವಾರವೇ ಮುಗಿಯಿತು. ಎಣಿಕೆಯ ಪಟ್ಟಿಯನ್ನೂ, ಆ ಇಬ್ಬರ ಹಾಜರಿ ಸಂಖ್ಯೆಯನ್ನೂ ಒಂದು ಹಾಳೆಯಲ್ಲಿ ಬರೆದು ವಿಷಯ ಶಿಕ್ಷಕರ ಕೈಗೆ ಕೊಟ್ಟು, ಒಂದು ಬ್ಯುರೆಟನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದೇನೆ.